ಕೋಟ್‌ಗಢ, ಥಾನೇದಾರ್ ಸೇಬು ತೋಟ ನೋಡೋಕೆ ಯಾವ ತಿಂಗಳು ಸರಿ? ಗೊತ್ತಿದ್ದವರು ಹೇಳಿ

ಸೊಪ್ಪಿನಬೆಟ್ಟ (ಶಿರಸಿ):
ಎಲ್ಲರಿಗೂ ನಮಸ್ಕಾರ. ದಸರಾ ಹೊತ್ತಿಗೆ ಹಿಮಾಚಲಕ್ಕೆ ಹೋಗುವ ಯೋಚನೆ ಇದೆ. ನಾನು, ಮನೆಯವಳು, ಆಯಿ, ಮೂರೇ ಜನ. ಕುಫ್ರಿಯಲ್ಲಿ ಕುದುರೆ ಹತ್ತುವುದು, ಮನಾಲಿಯಲ್ಲಿ ಬಾಡಿಗೆ ಕೋಟು ಹಾಕಿ ಫೋಟೊ ತೆಗೆಸಿಕೊಳ್ಳುವುದು ಎರಡೂ ಬೇಡ. ನಾನು ಅಡಿಕೆ ಬೆಳೆಯುವವನು. ಇನ್ನೊಂದು ಕಡೆಯ ಬೆಳೆಗಾರ ತನ್ನ ಬೆಳೆ ಹೇಗೆ ತೆಗೆಯುತ್ತಾನೆ, ಯಾರಿಗೆ ಮಾರುತ್ತಾನೆ, ಕೈಗೆ ಎಷ್ಟು ಉಳಿಯುತ್ತದೆ ಅಂತ ನೋಡುವ ಆಸೆ. ಶಿಮ್ಲಾದಿಂದ ಮುಂದೆ ಕೋಟ್‌ಗಢ, ಥಾನೇದಾರ್ ಅಂತ ಊರುಗಳಿವೆಯಂತೆ, ಹಿಮಾಚಲದ ಸೇಬಿನ ಕತೆ ಶುರುವಾಗಿದ್ದೇ ಅಲ್ಲಿ ಅಂತ ಕೇಳಿದೆ. ಯಾವಾಗ ಹೋಗಬೇಕು, ಎಲ್ಲಿ ಉಳಿಯಬೇಕು, ತೋಟದೊಳಗೆ ಬಿಡುತ್ತಾರೋ ಇಲ್ಲವೋ? ಆಯಿಗೆ ಘಾಟಿ ರಸ್ತೆ ಅಂದರೆ ವಾಂತಿ, ಅದನ್ನೂ ಲೆಕ್ಕಕ್ಕೆ ಹಿಡಿದು ಹೇಳಿ.

ರಾಂಪುರದ_ಕನ್ನಡಿಗ (ತುಮಕೂರು, ಸದ್ಯ ಹಿಮಾಚಲ):
ಬ್ಯಾಂಕ್ ಕೆಲಸದ ಮೇಲೆ ರಾಂಪುರ ಬುಶಹರ್‌ನಲ್ಲಿದ್ದೀನಿ. ನೀವು ಹೇಳೋ ಊರು ನಾನು ಶಿಮ್ಲಾಕ್ಕೆ ಹೋಗಿಬರೋ ದಾರೀಲೇ ಸಿಗುತ್ತೆ. ಶಿಮ್ಲಾದಿಂದ ನಾರ್ಕಂಡಾ ಅರವತ್ತು ಕಿ.ಮೀ. ಚಿಲ್ಲರೆ. ನಾರ್ಕಂಡಾ ಸುಮಾರು 2,700 ಮೀಟರ್ ಎತ್ತರ. ಅಲ್ಲಿಂದ ಹೆದ್ದಾರಿ ಬಿಟ್ಟು ಹಳೇ ಹಿಂದೂಸ್ತಾನ್–ಟಿಬೆಟ್ ರಸ್ತೆ ಹಿಡಿದು ಹದಿನೈದು ಹದಿನೇಳು ಕಿ.ಮೀ. ಇಳಿದ್ರೆ ಥಾನೇದಾರ್, ಪಕ್ಕದಲ್ಲೇ ಕೋಟ್‌ಗಢ. ಕೆಳಗೆ ಆಳದಲ್ಲಿ ಸಟ್ಲೆಜ್ ನದಿ. ಪೇಟೆ ಅನ್ನೋದು ಒಂದಷ್ಟು ಅಂಗಡಿ, ಒಂದು ಬಸ್ ನಿಲ್ಲೋ ಜಾಗ, ಅಷ್ಟೇ. ಮಿಕ್ಕಿದ್ದೆಲ್ಲ ತೋಟ.

ತೊಂದರೆ ಏನಂದ್ರೆ ದಸರಾ ಹೊತ್ತಿಗೆ ಅಲ್ಲಿ ಕೊಯ್ಲು ಬಹುತೇಕ ಮುಗಿದಿರುತ್ತೆ. ಬೇಗ ಬರೋ ಟೈಡ್‌ಮನ್ ಜಾತಿ ಜೂನ್ ಕೊನೆ, ಜುಲೈಗೇ ಶುರು. ರಾಯಲ್ ಡಿಲಿಷಿಯಸ್ ಅಂತಾರಲ್ಲ, ರೆಡ್ ಡಿಲಿಷಿಯಸ್ ಗುಂಪಿನದ್ದು, ಆ ಮುಖ್ಯ ಫಸಲು ಆಗಸ್ಟ್–ಸೆಪ್ಟೆಂಬರ್. ದಸರಾನೇ ಆಗಬೇಕು ಅಂದ್ರೆ ಇನ್ನೂ ಮೇಲೆ ಕಿನ್ನೌರ್‌ಗೆ ಹೋಗಿ. ಸಾಂಗ್ಲಾ, ಕಲ್ಪಾ ಕಡೆ ಅಕ್ಟೋಬರ್‌ನಲ್ಲೂ ಮರದಲ್ಲಿ ಹಣ್ಣಿರುತ್ತೆ. ಆದ್ರೆ ಆ ರಸ್ತೆಗೆ ನಿಮ್ಮ ತಾಯಿಯವರನ್ನ ಕರ್ಕೊಂಡು ಹೋಗಿ ಅಂತ ನಾನಂತೂ ಹೇಳಲ್ಲ.

ತೋಟದೊಳಗೆ ಬಿಡ್ತಾರೆ. ಕೇಳಿ ಹೋಗಬೇಕು, ಕೇಳದೆ ಹಣ್ಣು ಕೀಳಬಾರದು. ಬೆಳೆಗಾರ ಅಂತ ಹೇಳ್ಕೊಂಡ್ರೆ ಚಹಾ ಕುಡಿಸದೆ ಕಳ್ಸಲ್ಲ.

ಕತೆ ಶುರುವಾಗಿದ್ದು ಅಲ್ಲೇ ಅನ್ನೋದೂ ನಿಜ. ಸ್ಯಾಮ್ಯುಯೆಲ್ ಸ್ಟೋಕ್ಸ್ ಅಂತ ಫಿಲಡೆಲ್ಫಿಯಾದ ಶ್ರೀಮಂತ ಮನೆತನದ ಹುಡುಗ, 1904ರಲ್ಲಿ ಕುಷ್ಠರೋಗಿಗಳ ಸೇವೆಗೆ ಅಂತ ಇಲ್ಲಿಗೆ ಬಂದೋರು ಇಲ್ಲಿಯೋರೇ ಆಗಿಬಿಟ್ರು. ಕೋಟ್‌ಗಢದಲ್ಲಿ ನೆಲೆ ನಿಂತು, 1912ರಲ್ಲಿ ಇಲ್ಲಿಯ ಹೆಣ್ಣುಮಗಳನ್ನೇ ಮದುವೆಯಾದ್ರು. 1916ರಲ್ಲಿ ಅಮೆರಿಕದ ಸ್ಟಾರ್ಕ್ ಬ್ರದರ್ಸ್ ನರ್ಸರಿಯಿಂದ ರೆಡ್ ಡಿಲಿಷಿಯಸ್ ಸಸಿ ತರಿಸಿ ನೆಟ್ರು. ಬೆಟ್ಟದ ಹೊಲಗಳಲ್ಲಿ ಗೋಧಿ, ಆಲೂಗಡ್ಡೆ ಬೆಳೆದು ಹೊಟ್ಟೆ ಹೊರೀತಿದ್ದ ಊರು ಇವತ್ತು ಹೇಗಿದೆ ಅಂತ ಬಂದು ನೋಡಿ.

ಪೀಣ್ಯ_ಎರಡನೇ_ಹಂತ (ಬೆಂಗಳೂರು):
ಸ್ಟೋಕ್ಸ್ ಬರೋಕೆ ಮುಂಚೆಯೇ ಹಿಮಾಚಲದಲ್ಲಿ ಸೇಬು ಇತ್ತು ಸ್ವಾಮಿ. ಕುಲು ಕಣಿವೆಯ ಬಂದ್ರೋಲ್‌ನಲ್ಲಿ ಕ್ಯಾಪ್ಟನ್ ಲೀ ಅನ್ನೋ ಬ್ರಿಟಿಷ್ ಅಧಿಕಾರಿ 1870ರಲ್ಲೇ ತೋಟ ಹಾಕಿದ್ದ. ಎಲ್ಲಾ ಕಡೆ ಒಬ್ಬನೇ ಮಹಾಪುರುಷ ಬಂದು ಊರು ಉದ್ಧಾರ ಮಾಡಿದ ಅನ್ನೋ ಕತೆ ನನಗೆ ಯಾಕೋ ರುಚಿಸಲ್ಲ.

ರಾಂಪುರದ_ಕನ್ನಡಿಗ:
ಪೀಣ್ಯ ಸರ್, ಲೀ ತೋಟ ಇದ್ದಿದ್ದು ಹೌದು. ಆದ್ರೆ ಬ್ರಿಟಿಷರು ತಂದ ಆ ಜಾತಿಗಳು ಹುಳಿ. ಕಾಕ್ಸ್ ಆರೆಂಜ್ ಪಿಪ್ಪಿನ್, ನ್ಯೂಟನ್ ಪಿಪ್ಪಿನ್ ಥರದ್ದು. ಸಾಹೇಬ್ರಿಗೆ ಇಷ್ಟ, ನಮ್ಮ ಜನಕ್ಕೆ ಹಿಡಿಸಲಿಲ್ಲ. ಸ್ಟೋಕ್ಸ್ ತಂದಿದ್ದು ಸಿಹಿ ಹಣ್ಣು, ಕೆಂಪು ಹಣ್ಣು. ಅದಕ್ಕೆ ಪೇಟೆ ಸಿಕ್ತು. ಇನ್ನೊಂದು, ತನ್ನ ತೋಟ ಅಂತ ಬೇಲಿ ಹಾಕ್ಕೊಂಡು ಕೂರಲಿಲ್ಲ, ಸಸಿ ಮಾಡಿ ಊರಿನೋರಿಗೆ ಹಂಚಿದ್ರು.

ಸೇಬು ಬಿಟ್ಟು ನೋಡಿದ್ರೂ ಆ ಮನುಷ್ಯ ಸಣ್ಣೋರಲ್ಲ. ಸಾಹೇಬರ ಸಾಮಾನು ಹೊರೋಕೆ ಬೆಟ್ಟದ ಜನರನ್ನ ಬಿಟ್ಟಿಯಾಗಿ ಎಳ್ಕೊಂಡು ಹೋಗೋ ‘ಬೇಗಾರ್’ ಪದ್ಧತಿ ಇತ್ತು. ಅದರ ವಿರುದ್ಧ ಊರೂರು ಕಟ್ಟಿ ಹೋರಾಡಿ 1921ರಲ್ಲಿ ನಿಲ್ಲಿಸಿದ್ರು. ಅದೇ ವರ್ಷ ರಾಜದ್ರೋಹದ ಕೇಸಲ್ಲಿ ಜೈಲು. 1932ರಲ್ಲಿ ಹಿಂದೂ ಧರ್ಮಕ್ಕೆ ಸೇರಿ ಸತ್ಯಾನಂದ ಸ್ಟೋಕ್ಸ್ ಆದ್ರು, 1946ರಲ್ಲಿ ತೀರ್ಕೊಂಡ್ರು. ಮಹಾಪುರುಷ ಅನ್ನೋದು ಬಿಡೋದು ನಿಮಗೆ ಸೇರಿದ್ದು.

ಕಡಲತಡಿ (ಮಂಗಳೂರು):
ನಾವು ಏಪ್ರಿಲ್‌ನಲ್ಲಿ ಹೋದದ್ದು, ಹೂವಿನ ಸಮಯ. ಹಣ್ಣು ನೋಡಲಿಕ್ಕೆ ಹೋಗುವವರೇ ಜಾಸ್ತಿ, ಆದರೆ ಬೆಳೆಗಾರರಿಗೆ ನಿಜವಾದ ತಲೆಬಿಸಿ ಇರುವುದು ಏಪ್ರಿಲ್‌ನಲ್ಲಿ ಮಾರಾಯ್ರೆ. ಇಡೀ ಗುಡ್ಡ ಬಿಳಿ–ತಿಳಿಗುಲಾಬಿ. ನಮಗೆ ಚಂದ, ಅವರು ಮಾತ್ರ ಆಕಾಶ ನೋಡ್ತಾ ಇರುವುದು. ಆ ಒಂದೆರಡು ವಾರದಲ್ಲಿ ಜೋರು ಮಳೆ ಬಂದರೆ, ಆಲಿಕಲ್ಲು ಬಿದ್ದರೆ, ಚಳಿ ಜಾಸ್ತಿಯಾಗಿ ಜೇನ್ನೊಣ ಗೂಡು ಬಿಟ್ಟು ಹೊರಡದಿದ್ದರೆ ಆ ವರ್ಷದ ಕಾಯಿ ಅಷ್ಟಕ್ಕಷ್ಟೆ.

ನಾವು ಉಳಿದುಕೊಂಡ ಮನೆಯ ಅಜ್ಜ ತೋಟ ಸುತ್ತಿಸಿ ತೋರಿಸಿದ್ರು. ರೆಡ್ ಡಿಲಿಷಿಯಸ್ ಮರ ತನ್ನದೇ ಪರಾಗದಲ್ಲಿ ಕಾಯಿ ಕಟ್ಟುವುದಿಲ್ಲವಂತೆ, ಬೇರೆ ಜಾತಿಯದ್ದೇ ಬೇಕು. ಅದಕ್ಕೆ ಮಧ್ಯೆ ಮಧ್ಯೆ ಗೋಲ್ಡನ್ ಡಿಲಿಷಿಯಸ್, ರೆಡ್ ಗೋಲ್ಡ್ ಮರ ಹಾಕಿರ್ತಾರೆ. ಆ ಮರಗಳು ಸಾಲದಿದ್ದಲ್ಲಿ ಬೇರೆ ಜಾತಿಯ ಹೂವಿನ ಕೊಂಬೆ ಕಡಿದು ತಂದು, ನೀರು ತುಂಬಿದ ಬಾಟ್ಲಿಯಲ್ಲಿ ಇಟ್ಟು, ಬಾಟ್ಲಿಯನ್ನೇ ಮರಕ್ಕೆ ಕಟ್ಟಿದ್ರು! ಮದುವೆಮನೆ ಅಲಂಕಾರದ ಹಾಗೆ ಗೆಲ್ಲಿಗೊಂದು ಬಾಟ್ಲಿ. ಜೇನುಪೆಟ್ಟಿಗೆಯೂ ಬಾಡಿಗೆಗೆ. ಹೂ ಇರುವಷ್ಟು ದಿನ ಇಟ್ಟು ಮತ್ತೆ ಪೆಟ್ಟಿಗೆಯವನು ಲಾರಿಯಲ್ಲಿ ತಗೊಂಡು ಹೋಗುವುದು. ಆಲಿಕಲ್ಲಿಗೆ ಮರದ ಮೇಲೆಲ್ಲ ಬಲೆ, ಕೆಳಗಿನಿಂದ ಬಿದಿರಿನ ಗಳ ಕೊಟ್ಟು ಎತ್ತಿ ನಿಲ್ಲಿಸಿದ್ದು.

ಥಾನೇದಾರ್‌ನಲ್ಲಿ ಪರಂಜ್ಯೋತಿ ಮಂದಿರ ಬಿಡಬೇಡಿ. 1937ರಲ್ಲಿ ಸ್ಟೋಕ್ಸ್ ಕಟ್ಟಿಸಿದ್ದು. ಮರದ ಮೇಲೆ ಗೀತೆ, ಉಪನಿಷತ್ತಿನ ಸಾಲು ಕೆತ್ತಿಸಿದ್ದಾರೆ. ತಾಯಿಯವರಿಗೆ ಖಂಡಿತ ಇಷ್ಟ ಆಗ್ತದೆ. ನಾರ್ಕಂಡಾದ ಹಾಟು ಶಿಖರದ ದೇವಸ್ಥಾನಕ್ಕೆ ಗಾಡಿ ಹೋಗ್ತದೆ, ಆದರೆ ಆ ರಸ್ತೆ ಅಗಲ ಇಲ್ಲ. ವಾಂತಿ ಇರುವವರಿಗೆ ಬೇಡ.

ಸೊಪ್ಪಿನಬೆಟ್ಟ:
ತುಂಬ ಉಪಕಾರ ಮೇಡಂ. ಬಾಟ್ಲಿಯ ವಿಷಯ ಓದಿ ಮನೆಯವಳಿಗೂ ತೋರಿಸಿದೆ.
ರಾಂಪುರ ಸರ್, ಮಾರಾಟ ಹೇಗೆ? ನಮ್ಮಲ್ಲಿ ಸೊಸೈಟಿ ಇದೆ. ಅಡಿಕೆ ತಂದು ಹಾಕಿದರೆ ಟೆಂಡರ್ ಆಗಿ ದುಡ್ಡು ಖಾತೆಗೆ. ಅಲ್ಲೂ ಹಾಗೇನಾ?

ರಾಂಪುರದ_ಕನ್ನಡಿಗ:
ಇಲ್ಲ. ಇಲ್ಲಿ ಆಢ್ತಿಯಾನೇ ಎಲ್ಲ. ನಮ್ಮ ದಲ್ಲಾಳಿ ಮಂಡಿ ಥರ. ಕೊಯ್ಲಿಗೆ ನೇಪಾಳಿ ಕೂಲಿಯೋರು ಬರ್ತಾರೆ, ಬೆನ್ನಿಗೆ ‘ಕಿಲ್ಟಾ’ ಅಂತ ಉದ್ದನೆ ಬುಟ್ಟಿ ಕಟ್ಕೊಂಡು ಇಳಿಜಾರಲ್ಲಿ ಹಣ್ಣು ಹೊತ್ತು ತರ್ತಾರೆ. ಮನೆ ಹತ್ರಾನೇ ಗಾತ್ರ, ಬಣ್ಣ ನೋಡಿ ವಿಂಗಡಿಸಿ ಪೆಟ್ಟಿಗೆ ತುಂಬಿ ನಾರ್ಕಂಡಾ ಮಂಡಿಗೋ ಶಿಮ್ಲಾ ಪಕ್ಕದ ಢಲ್ಲಿಗೋ ಕಳಿಸೋದು. ಅಲ್ಲಿ ‘ಲದಾನಿ’ ಅಂತ ಹೊರಗಿನ ಖರೀದಿದಾರರು ಹರಾಜಲ್ಲಿ ಕೊಳ್ತಾರೆ. ಕೆಲವರು ನೇರ ದೆಹಲಿಯ ಆಜಾದ್‌ಪುರ ಮಂಡಿಗೆ ಕಳಿಸ್ತಾರೆ. ತೋಟಕ್ಕೆ ಮುಂಗಡ ಕೊಟ್ಟೋನೂ ಆಢ್ತಿಯಾ, ಮಾರಿಕೊಡೋನೂ ಅವನೇ ಆದಾಗ ಬೆಲೆ ಕೇಳೋ ಧೈರ್ಯ ಯಾರಿಗಿರುತ್ತೆ?

ಹಣ್ಣಿನ_ಮಂಡಿ (ಬೆಂಗಳೂರು):
ಎಲ್ಲಾ ತಪ್ಪೂ ಮಂಡಿಯೋರ ಮೇಲೆ ಹಾಕ್ಬೇಡಿ ಸಾರ್. ನಾನು ಸಿಂಗೇನ ಅಗ್ರಹಾರದಲ್ಲಿ ವ್ಯಾಪಾರ ಮಾಡೋನು. ಗೌರಿ ಗಣೇಶ ಹಬ್ಬಕ್ಕೆ ನೀವು ತಗೊಳೋ ‘ಶಿಮ್ಲಾ ಆಪಲ್’ ಇದೇ ಊರುಗಳದ್ದು. ಕಾಶ್ಮೀರದ ಮಾಲು ಬರೋ ತನಕ ಇವರದ್ದೇ ಕಾರುಬಾರು.

ಪೆಟ್ಟಿಗೆ ವಿಷಯ ಯಾರೂ ಹೇಳ್ಲಿಲ್ಲ, ಅಸಲಿ ಜಗಳ ಇರೋದೇ ಅಲ್ಲಿ. ಮುಂಚೆ ಬರ್ತಿದ್ದಿದ್ದು ಟೆಲಿಸ್ಕೋಪಿಕ್ ಪೆಟ್ಟಿಗೆ. ಎರಡು ಭಾಗ, ಕೆಳಗಿಂದು ಒಂದು, ಅದರ ಮೇಲೆ ಮುಚ್ಚಳದ ಥರ ಇಳಿಯೋದು ಇನ್ನೊಂದು. ಒಳಗೆ ಟ್ರೇ ಮೇಲೆ ಟ್ರೇ. ಮೇಲಿನ ಭಾಗ ಪೂರ್ತಿ ಇಳಿಸ್ದೆ ಸ್ವಲ್ಪ ಎತ್ತಿ ಇಟ್ರೆ ಇನ್ನೊಂದು ಟ್ರೇ ಹಿಡಿಯುತ್ತೆ, ಇನ್ನೂ ಎತ್ತಿದ್ರೆ ಮತ್ತೊಂದು. 24 ಕೆ.ಜಿ. ಇರಬೇಕಾದ ಪೆಟ್ಟಿಗೇಲಿ 30 ಕೆ.ಜಿ. ದಾಟಿ ಮಾಲಿರ್ತಿತ್ತು. ರೇಟ್ ಮಾತ್ರ ಪೆಟ್ಟಿಗೆಗೆ! ಜಾಸ್ತಿ ತುಂಬಿದೋನ ಮಾಲು ಬೇಗ ಹೋಗುತ್ತೆ ಅಂತ ಪಕ್ಕದೋನೂ ತುಂಬ್ತಾನೆ. ಹೀಗೇ ಎಲ್ಲರೂ ಸೇರಿ ಪುಕ್ಕಟೆ ಹಣ್ಣು ಕೊಟ್ಟಿದ್ದು. 2023ರಲ್ಲಿ ಸರ್ಕಾರದೋರು ತೂಕಕ್ಕೆ ಮಾರಬೇಕು ಅಂದ್ರು, 2024ರ ಹಂಗಾಮಿಂದ ಯೂನಿವರ್ಸಲ್ ಪೆಟ್ಟಿಗೆ ಕಡ್ಡಾಯ ಮಾಡಿದ್ರು. ಅದು ಒಂದೇ ತುಂಡು, ಎಳೆದು ಎತ್ತರ ಮಾಡೋಕಾಗಲ್ಲ. 20–24 ಕೆ.ಜಿ. ಹಿಡಿಯುತ್ತೆ, ಮುಗೀತು.

ನಮಗೂ ಅದೇ ಒಳ್ಳೇದು. ಅದುಮಿ ತುಂಬಿದ ಪೆಟ್ಟಿಗೇಲಿ ಕೆಳಗಿನ ಟ್ರೇ ಹಣ್ಣೆಲ್ಲ ಜಜ್ಜಿಹೋಗಿರ್ತಿತ್ತು. ಬೆಂಗಳೂರು ತನಕ ಲಾರೀಲಿ ಬರೋ ಹೊತ್ತಿಗೆ ಕಲೆ.

ಸೊಪ್ಪಿನಬೆಟ್ಟ:
ಅಂದರೆ ಒಂದು ಪೆಟ್ಟಿಗೆಯ ಅಳತೆ ಸರಿ ಮಾಡಲಿಕ್ಕೆ ಇಷ್ಟು ವರ್ಷ ಬೇಕಾಯಿತು. ಮಂಡಿ ಅಣ್ಣ, ನಿಮ್ಮ ಮೇಲೆ ತಪ್ಪು ಹಾಕುತ್ತಿಲ್ಲ. ಆದರೆ ನೂರು ವರ್ಷದಿಂದ ಸೇಬು ಬೆಳೆಯುವ ಊರಿನವರು ಸೇರಿ ಒಂದು ಗಟ್ಟಿ ಸೊಸೈಟಿ ಕಟ್ಟಿಲ್ಲ ಅನ್ನುವುದೇ ನನಗೆ ಅರ್ಥ ಆಗುವುದಿಲ್ಲ. 1970ರ ಆಚೀಚೆ ಅಡಿಕೆ ದರ ಬಿದ್ದಾಗ ನಮ್ಮ ಹಿರಿಯರು ಗೊಣಗುತ್ತ ಕೂರಲಿಲ್ಲ, 1973ರಲ್ಲಿ ಕ್ಯಾಂಪ್ಕೊ ಅಂತ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕಟ್ಟಿದರು. ನಮ್ಮ ಶಿರಸಿಯ ಸೊಸೈಟಿ ಟಿಎಸ್‌ಎಸ್ ಅದಕ್ಕಿಂತ ಐವತ್ತು ವರ್ಷ ಹಳೆಯದು.

ರಾಂಪುರದ_ಕನ್ನಡಿಗ:
ಅಡಿಕೆ ಒಣಗಿಸಿ ಅಟ್ಟದ ಮೇಲಿಟ್ಟು ದರ ಬರೋ ತನಕ ಕಾಯಬಹುದು ಸರ್. ಸೇಬು ಕಿತ್ತ ದಿನದಿಂದ ಗಡಿಯಾರ ಓಡ್ತಾ ಇರುತ್ತೆ. ಕಾಯಬೇಕಂದ್ರೆ ಶೀತಲಗೃಹ ಬೇಕು, ಅದೂ ಆಮ್ಲಜನಕ ಕಡಿಮೆ ಮಾಡಿ ಹಣ್ಣನ್ನ ನಿದ್ದೆ ಮಾಡಿಸೋ ಸಿ.ಎ. ಸ್ಟೋರ್. ಅದಕ್ಕೆ ಕೋಟಿಗಟ್ಟಲೆ ಬಂಡವಾಳ. ಇರೋದ್ರಲ್ಲಿ ದೊಡ್ಡವು ಖಾಸಗಿ ಕಂಪನಿಗಳದ್ದು. ಹಂಗಾಮಿನ ಶುರುವಲ್ಲಿ ಅವರು ಹೇಳಿದ ದರ ನೋಡಿ ಮಂಡಿ ದರವೂ ಅಲುಗಾಡುತ್ತೆ.

ಸರ್ಕಾರಿ ಹಣ್ಣು ಮಾರಾಟ ನಿಗಮ ಎಚ್‌ಪಿಎಂಸಿ 1974ರಿಂದ ಇದೆ. ಅವರು ಮತ್ತು ಹಿಮ್‌ಫೆಡ್ ಅನ್ನೋ ಸಹಕಾರಿ ಒಕ್ಕೂಟ ಸೇರಿ ಕೊಳ್ಳೋದು ಮುಖ್ಯವಾಗಿ ಮೂರನೇ ದರ್ಜೆ ಹಣ್ಣು, ಕಲೆ ಬಿದ್ದಿದ್ದು, ಆಲಿಕಲ್ಲು ಹೊಡೆದಿದ್ದು, ಜ್ಯೂಸ್‌ಗೆ ಹೋಗೋದು. 2023ರಲ್ಲಿ ಅದಕ್ಕೆ ಕೆ.ಜಿ.ಗೆ 12 ರೂಪಾಯಿ ಮಾಡಿದ್ರು.

ಇನ್ನೊಂದು ಮಾತು. ಇವರು ಸುಮ್ಮನೆ ಕೂತೋರಲ್ಲ. 1990ರ ಜುಲೈನಲ್ಲಿ ಬೆಂಬಲ ಬೆಲೆಗಾಗಿ ಬೀದಿಗಿಳಿದಾಗ ಇದೇ ಕೋಟ್‌ಗಢದಲ್ಲಿ ಪೊಲೀಸ್ ಗೋಲಿಬಾರ್ ಆಗಿ ಮೂರು ಜನ ಸತ್ರು. ಇಲ್ಲಿಯ ವಯಸ್ಸಾದೋರ ಹತ್ರ ಬೆಲೆ ಮಾತು ತೆಗೆದ್ರೆ ಅಲ್ಲಿಗೇ ಹೋಗಿ ನಿಲ್ಲುತ್ತೆ.

ಹುಬ್ಬಳ್ಳಿ_ಗಿರ್ಮಿಟ್:
ಸೀರಿಯಸ್ ಮಾತಿನ ನಡಕ ಸಣ್ಣ ಪ್ರಶ್ನೆರಿ. ಅಲ್ಲೇ ಒಂದೆರಡು ಎಕರೆ ತೋಟಾ ತಗೊಂಡು ಇದ್ದುಬಿಡೂಣು ಅಂದ್ರ ರೇಟ್ ಏನ್ ನಡದೈತ್ರಿ? ರಿಟೈರ್ ಆಗಾಕ ಬಂದೇನಿ.

ರಾಂಪುರದ_ಕನ್ನಡಿಗ:
ಗಿರ್ಮಿಟ್ ಸರ್, ರೇಟ್ ಆಮೇಲೆ. ಹಿಮಾಚಲದ ಭೂಸುಧಾರಣಾ ಕಾಯಿದೆಯ 118ನೇ ಕಲಂ ಪ್ರಕಾರ ಅಲ್ಲಿಯ ಕೃಷಿಕರಲ್ಲದೋರು ಸರ್ಕಾರದ ಅನುಮತಿ ಇಲ್ಲದೆ ಜಮೀನು ಕೊಳ್ಳೋಹಾಗಿಲ್ಲ. 1972ರ ಕಾಯಿದೆ. ಏಜೆಂಟು ಯಾರಾದ್ರೂ “ಮಾಡಿಸಿಕೊಡ್ತೀನಿ” ಅಂದ್ರೆ ಫೋನ್ ಇಟ್ಬಿಡಿ.

ಹುಬ್ಬಳ್ಳಿ_ಗಿರ್ಮಿಟ್:
ಹೋತು ಬಿಡ್ರಿ. ಹಂಗಾರ ಮನಿ ಹಿತ್ತಲದಾಗ ಎಚ್‌ಆರ್‌ಎಂಎನ್–99 ಅನ್ನೂ ಸೇಬಿನ ಗಿಡಾ ಹಚ್ಚೂದ ಪಾಡ. ಚಳಿ ಬ್ಯಾಡಂತ ಅದಕ್ಕ.

ಪೀಣ್ಯ_ಎರಡನೇ_ಹಂತ:
ಅದೂ ಹಿಮಾಚಲದ್ದೇ, ಬಿಲಾಸ್‌ಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಬೆಳೆಸಿದ ತಳಿ. ಕರ್ನಾಟಕದಲ್ಲೂ ಹಾಕಿದ್ದಾರೆ, ಕಾಯಿ ಬಿಟ್ಟಿದೆ. ಕಾಯಿ ಬಿಡೋದೇ ಬೇರೆ, ಮಂಡಿಗೆ ಹಾಕಿ ಗೆಲ್ಲೋದೇ ಬೇರೆ. ಹಿಂದೆ ಬೆಂಗಳೂರಿನ ಬಂಗಲೆ ತೋಟಗಳಲ್ಲೂ ರೋಮ್ ಬ್ಯೂಟಿ ಅನ್ನೋ ಸೇಬು ಬೆಳೀತಿದ್ರು. ಈಗ ಅಲ್ಲಿ ಅಪಾರ್ಟ್‌ಮೆಂಟ್.

ಯಾಕಿಮಾ_ಕಣಿವೆ (ವಾಷಿಂಗ್ಟನ್, ಅಮೆರಿಕ, ಮೂಲ ಹಾಸನ):
ನಾನಿರುವುದು ಅಮೆರಿಕದ ಸೇಬಿನ ನಾಡಿನಲ್ಲೇ. ಕೋಟ್‌ಗಢದವರಿಗೆ ನಿಜವಾದ ಅಪಾಯ ಮಂಡಿಯೂ ಅಲ್ಲ, ಆಮದೂ ಅಲ್ಲ, ರೆಡ್ ಡಿಲಿಷಿಯಸ್ ಅನ್ನೋ ಒಂದೇ ಜಾತಿಗೆ ಅಂಟಿಕೊಂಡಿರುವುದು. ಇಲ್ಲಿಯವರೇ ಅದನ್ನು ಬಿಡುತ್ತಿದ್ದಾರೆ. 2018ರಲ್ಲಿ ಗಾಲಾ ಅನ್ನೋ ಇನ್ನೊಂದು ಜಾತಿ ಅದನ್ನು ಮೊದಲ ಸ್ಥಾನದಿಂದ ಇಳಿಸಿತು. ನೋಡಲು ಕೆಂಪು, ತಿಂದರೆ ಹಿಟ್ಟು ಅನ್ನುವುದು ಇಲ್ಲಿಯವರ ದೂರು. ಇಲ್ಲಿ ಕುಳ್ಳ ಬೇರುಸಸಿಯ ಮೇಲೆ ಕಸಿ ಕಟ್ಟಿ, ತಂತಿಗೆ ಕಟ್ಟಿ, ಸಾಲಾಗಿ ಒತ್ತೊತ್ತಾಗಿ ನೆಡುತ್ತಾರೆ. ಎರಡು ಮೂರು ವರ್ಷಕ್ಕೆ ಫಸಲು. ಅಲ್ಲಿಯ ಹಳೇ ಮರಗಳಿಗೆ ಏಳೆಂಟು ವರ್ಷ ಕಾಯಬೇಕು.

ಸೊಪ್ಪಿನಬೆಟ್ಟ:
ಅಮೆರಿಕದ ಸೇಬಿನ ಮೇಲೆ 2019ರಲ್ಲಿ ಹಾಕಿದ್ದ ಹೆಚ್ಚುವರಿ 20 ಶೇಕಡಾ ಸುಂಕ 2023ರಲ್ಲಿ ತೆಗೆದರಲ್ಲ. 70 ಇದ್ದದ್ದು 50 ಆಯಿತು. ಅದರ ಲಾಭ ಆಗಿದ್ದು ನಿಮ್ಮ ಕಣಿವೆಗೆ. ಹಾಗಿದ್ದೂ ಆಮದು ಸಮಸ್ಯೆಯೇ ಅಲ್ಲ ಅಂದರೆ ಹೇಗೆ?

ಯಾಕಿಮಾ_ಕಣಿವೆ:
ಸಮಸ್ಯೆಯೇ ಅಲ್ಲ ಅಂದಿಲ್ಲ, ದೊಡ್ಡದು ಅದಲ್ಲ ಅಂದೆ. ಇರಾನ್, ಟರ್ಕಿಯಿಂದಲೂ ಬರುತ್ತದೆ. 2023ರ ಮೇ ತಿಂಗಳಿಂದ ಕೆ.ಜಿ.ಗೆ 50 ರೂಪಾಯಿಗಿಂತ ಕಡಿಮೆ ಬೆಲೆಯ ಸೇಬು ತರುವಂತಿಲ್ಲ ಅಂತ ಸರ್ಕಾರ ಕಟ್ಟು ಹಾಕಿದೆ, ಭೂತಾನಕ್ಕೆ ಮಾತ್ರ ವಿನಾಯಿತಿ.

ಸೊಪ್ಪಿನಬೆಟ್ಟ:
ಭೂತಾನ! ನಮ್ಮ ಕತೆಯೂ ಅದೇ. ಅಡಿಕೆಗೆ ಕೆ.ಜಿ.ಗೆ 351 ರೂಪಾಯಿ ಕನಿಷ್ಠ ಆಮದು ಬೆಲೆ ಅಂತ ಕಟ್ಟು ಇದೆ, ಭೂತಾನದ ಹಸಿ ಅಡಿಕೆ 17,000 ಟನ್‌ಗೆ ಆ ಕಟ್ಟಿಲ್ಲ. ಕಾಗದದ ಮೇಲೆ ಬೆಲೆ ಏರಿಸಿ ತೋರಿಸುವವರನ್ನು ಯಾರು ಹಿಡಿಯುತ್ತಾರೆ ಅನ್ನುವುದೂ ಅದೇ ಪ್ರಶ್ನೆ.

ನಿರ್ವಾಹಕ:
ಅಡಿಕೆ ಆಮದಿಗೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಮುಂದುವರಿಸಿ. ಇಲ್ಲಿ ಸೇಬು.

ಹಣ್ಣಿನ_ಮಂಡಿ:
ಯಾಕಿಮಾ ಅವ್ರೇ, ನೀವು ಹೇಳೋದು ತಿನ್ನೋರ ಲೆಕ್ಕ. ನನ್ನ ಲೆಕ್ಕ ಬೇರೆ. ಗಾಲಾ ತಂದಿಟ್ರೆ ಪಟ್ಟೆ ಪಟ್ಟೆ ಇದೆ, ಹಣ್ಣಾಗಿಲ್ಲ ಅಂತ ನಮ್ಮ ತಳ್ಳುಗಾಡಿಯೋರೇ ವಾಪಸ್ ಇಡ್ತಾರೆ. ಪೂಜೆ ತಟ್ಟೆಗೆ ಕೆಂಪೇ ಬೇಕು. ಹಿಟ್ಟಾಗೋದು ಜಾತಿ ದೋಷ ಒಂದೇ ಅಲ್ಲ, ಬಿಸಿಲಲ್ಲಿ ನಿಂತ ಲಾರಿ ದೋಷಾನೂ ಹೌದು. ಮಾಲ್‌ಗಳಿಗೆ ಗಾಲಾ ಹೋಗ್ತಿದೆ, ಇಲ್ಲ ಅನ್ನಲ್ಲ.

ಕಡಲತಡಿ:
ಹೊಸ ತೋಟಗಳನ್ನು ನಾವೂ ನೋಡಿದ್ದೇವೆ. ತಂತಿ, ಹನಿ ನೀರಾವರಿ, ಸೊಂಟದೆತ್ತರದ ಗಿಡದಲ್ಲೇ ಹೂ. ಆ ಅಜ್ಜನ ಮಗ ಮೇಲಿನ ಪಟ್ಟಿಯಲ್ಲಿ ಹಾಕಿದ್ದ. ಅಜ್ಜನಿಗೆ ಸಮಾಧಾನ ಇಲ್ಲ. ಅವರ ಮರಕ್ಕೆ ಆಳಕ್ಕೆ ಹೋದ ಬೇರು, ಮಳೆ ನೀರಿನಲ್ಲೇ ಬದುಕ್ತದೆ. ಕುಳ್ಳ ಗಿಡಕ್ಕೆ ನೀರು ಕಟ್ಟಲೇಬೇಕು, ಗುಡ್ಡದ ಮೇಲೆ ನೀರೆಲ್ಲಿಂದ ತರುವುದು ಅಂತ ಕೇಳಿದ್ರು. ಮಗ ಉತ್ತರ ಕೊಡದೆ ಪೈಪ್ ಎಳೀತಾ ಇದ್ದ.

ಸೊಪ್ಪಿನಬೆಟ್ಟ:
ಅಜ್ಜನ ಪ್ರಶ್ನೆ ಸರಿಯಾಗಿದೆ. ರೋಗ ಏನಾದರೂ ಉಂಟಾ ಅಲ್ಲಿ? ನಮ್ಮಲ್ಲಿ ಎಲೆಚುಕ್ಕೆ ಬಂದು ತೋಟಕ್ಕೆ ತೋಟವೇ ಸೊರಗಿದ್ದು ನೋಡಿ ಈಗ ಯಾವ ಬೆಳೆ ನೋಡಿದರೂ ಮೊದಲು ಎಲೆ ನೋಡುವ ಅಭ್ಯಾಸ ಆಗಿದೆ.

ರಾಂಪುರದ_ಕನ್ನಡಿಗ:
ಉಂಟು. ಎಂಬತ್ತರ ದಶಕದ ಶುರುವಲ್ಲಿ ಸ್ಕ್ಯಾಬ್ ಅನ್ನೋ ಕಜ್ಜಿರೋಗ ಬಂದು ಅಲ್ಲೋಲಕಲ್ಲೋಲ ಮಾಡಿತ್ತು. ಈಗ ಮಾರ್ಸೊನಿನಾ ಅಂತ ಶಿಲೀಂಧ್ರ. ಮಳೆಗಾಲದಲ್ಲಿ ಎಲೆ ಮೇಲೆ ಕಂದು ಚುಕ್ಕೆ, ಆಮೇಲೆ ಎಲೆ ಹಳದಿ, ಹಣ್ಣು ಮಾಗೋ ಮುಂಚೇನೇ ಉದುರುತ್ತೆ. ಎಲೆ ಹೋದ ಮರದಲ್ಲಿ ಹಣ್ಣು ಸಣ್ಣದಾಗಿ, ಬಣ್ಣ ಬರದೆ ನೇತಾಡ್ತಿರುತ್ತೆ. ಮುಂದಿನ ವರ್ಷದ ಹೂವಿಗೂ ಪೆಟ್ಟು. ಸಿಂಪರಣೆ ಮಾಡಿದ ಔಷಧ ಮಳೆ ಬಿಡದೆ ಹುಯ್ದ್ರೆ ತೊಳ್ಕೊಂಡು ಹೋಗುತ್ತೆ. ಅಡಿಕೆಗೆ ಬೋರ್ಡೊ ದ್ರಾವಣ ಹೊಡೆಯೋ ನಿಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಚಳಿಗಾಲದ್ದು ಇನ್ನೊಂದು ಚಿಂತೆ. ಈ ಹಳೇ ಜಾತಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ ಸಾವಿರ ಗಂಟೆ ಮೇಲೆ ಸಿಗಬೇಕು, ಆಗಲೇ ಮೊಗ್ಗು ಒಟ್ಟಿಗೆ ಒಡೆಯೋದು. ಹಿಮಕ್ಕೆ ಇಲ್ಲಿ ಬಿಳಿ ಗೊಬ್ಬರ ಅಂತಾನೇ ಹೇಳ್ತಾರೆ, ನಿಧಾನಕ್ಕೆ ಕರಗಿ ಬೇರಿಗೆ ಇಳಿಯುತ್ತೆ. ಹಿಮ ಕಡಿಮೆ ಆದಂತೆಲ್ಲ ಕೆಳಗಿನ ಎತ್ತರದ ತೋಟಗಳು ಸೋಲ್ತಿವೆ, ಸೇಬು ಕಿನ್ನೌರ್, ಲಾಹೌಲ್ ಕಡೆ ಹತ್ತುತ್ತಿದೆ. ಕೆಳಗಿನೋರು ದಾಳಿಂಬೆ, ಪ್ಲಮ್ ಹಾಕ್ತಿದ್ದಾರೆ. ಕೋಟ್‌ಗಢ–ನಾರ್ಕಂಡಾ ಕಡೆ ಚೆರ್ರಿ ಮೊದಲಿಂದಲೂ ಇದೆ, ಮೇ–ಜೂನ್‌ನಲ್ಲಿ ಬರುತ್ತೆ. ಸೇಬಿಗಿಂತ ಮುಂಚೆ ಕೈಗೆ ನಾಲ್ಕು ಕಾಸು.

ಇನ್ನು ನಿಮ್ಮ ಪ್ರಯಾಣ. ಕೊಯ್ಲು ನೋಡಬೇಕಂದ್ರೆ ಸೆಪ್ಟೆಂಬರ್ ಎರಡನೇ ವಾರಕ್ಕೆ ಬನ್ನಿ. ಆಗಸ್ಟ್ ಬೇಡವೇ ಬೇಡ. ಸೇಬಿನ ಹಂಗಾಮು, ಗುಡ್ಡ ಕುಸಿಯೋ ಹಂಗಾಮು ಎರಡೂ ಒಂದೇ. 2023ರಲ್ಲಿ ರಸ್ತೆ ಮುಚ್ಚಿ ತುಂಬಿದ ಲಾರಿಗಳು ನಿಂತಲ್ಲೇ ನಿಂತವು, ಹಣ್ಣು ಹಳ್ಳಕ್ಕೆ ಸುರಿದೋರೂ ಇದ್ರು. ಚಂಡೀಗಢ ತನಕ ವಿಮಾನ, ಕಾಲ್ಕಾದಿಂದ ಶಿಮ್ಲಾಕ್ಕೆ ಪುಟ್ಟ ರೈಲು. ನಿಧಾನ, ಆದ್ರೆ ಘಾಟಿಯಲ್ಲಿ ಬಸ್ಸಿಗಿಂತ ಹೊಟ್ಟೆಗೆ ವಾಸಿ. ಶಿಮ್ಲಾದಲ್ಲಿ ಒಂದು ರಾತ್ರಿ ತಂಗಿ, ಬೆಳಿಗ್ಗೆ ಬೇಗ ಹೊರಡಿ, ಮುಂದಿನ ಸೀಟು ತಾಯಿಯವರಿಗೆ. ಉಳಿಯೋದು ಥಾನೇದಾರ್‌ನಲ್ಲೇ. ನಾರ್ಕಂಡಾ ಚಳಿ ವಯಸ್ಸಾದೋರಿಗೆ ಕಷ್ಟ.

ಸೊಪ್ಪಿನಬೆಟ್ಟ:
ಸೆಪ್ಟೆಂಬರ್ ಎರಡನೇ ವಾರ ಅಂತ ನಿಕ್ಕಿ ಮಾಡಿದೆ. ನಮ್ಮಲ್ಲೂ ಅಡಿಕೆ ಗೊನೆ ಕೊಯ್ಲಿಗೆ ಇನ್ನೂ ಸಮಯ ಇರುತ್ತದೆ. ಮಂಡಿ ಅಣ್ಣ, ಬೆಂಗಳೂರಿಂದಲೇ ವಿಮಾನ ಹತ್ತುವುದು. ಹಿಂದಿನ ದಿನ ನಿಮ್ಮಲ್ಲಿಗೆ ಬಂದರೆ ಶಿಮ್ಲಾ ಪೆಟ್ಟಿಗೆ ಬಿಚ್ಚುವುದು ನೋಡಬಹುದಾ? ಅಲ್ಲಿ ಹೋದಾಗ ಬೆಂಗಳೂರಿನ ದರ ಹೇಳಿದರೆ ಅವರೂ ತಮ್ಮ ದರ ಬಾಯಿ ಬಿಟ್ಟಾರು.

ಹಣ್ಣಿನ_ಮಂಡಿ:
ಬನ್ನಿ ಸಾರ್, ಬೆಳಕು ಹರಿಯೋ ಮುಂಚೆ ಬರಬೇಕು ಅಷ್ಟೇ. ಬಿಲ್ ತೋರಿಸ್ತೀನಿ, ಬಾಡಿಗೆ ಎಷ್ಟು, ಹಮಾಲಿ ಎಷ್ಟು, ಕೊಳೆತಿದ್ದು ಎಷ್ಟು ಎಲ್ಲ ಬರ್ಕೊಂಡು ಹೋಗಿ. ಅಲ್ಲಿ ಅವರು ಏನಂದ್ರು ಅಂತ ವಾಪಸ್ ಬಂದು ಇಲ್ಲೇ ಹಾಕಿ.